ಜೇಷ್ಠಮಧುವಿನ ಕಷಾಯ

ರಾಜಾಜಿನಗರ
೧೨ ಆಗಸ್ಟ್ ೧೯೭೯

ಶ್ಯಾಮಸುಂದರ ಅವರಿಗೆ ತುಂಗಾಳ ನಮಸ್ಕಾರಗಳು.

ಅಕ್ಷರ ನೋಡಿದೊಡನೆ ಯಾರ ಪತ್ರವೆಂದು ನಿಮಗೆ ತಿಳಿದಿರುತ್ತದೆ. ತಿಳಿದ ಮೇಲೂ ಕೊನೆಯವರೆಗೆ ಓದಿ. ನಾಲ್ಕೂವರೆ ವರ್ಷಗಳಲ್ಲಿ ನಾನು ನಿಮ್ಮನ್ನು ಕೇಳಿಕೊಳ್ಳುತ್ತಿರುವುದು ಇದೊಂದನ್ನೇ.

ನಿಮ್ಮ ತಾಯಿ ವಿಮಲಮ್ಮನವರು ತೀರಿಕೊಂಡ ಸುದ್ದಿಯನ್ನು ನಮ್ಮ ಶಾಲೆಯ ಪ್ರಭಾ ಟೀಚರ್ ತಂದರು. ಅವರ ಮನೆ ಮಾರೇನಹಳ್ಳಿಯಲ್ಲಿ, ನಿಮ್ಮ ಮನೆಗೆ ಹತ್ತಿರ. ಆಗ ನಾನು ನಾಲ್ಕನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ನನ್ನ ದನಿ ಎಲ್ಲಿ ನಿಂತಿತೋ ಗೊತ್ತಿಲ್ಲ, ಮಕ್ಕಳೇ ಮುಂದುವರಿಸಿದರು. ನಿಮ್ಮ ಮನೆಗೆ ಬಂದು ಅವರ ಮುಖ ನೋಡುವ ಹಕ್ಕು ನನಗಿದೆಯೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೀವು ರಾಜಾಜಿನಗರದಲ್ಲಿದ್ದಾಗ ನಮ್ಮೆರಡು ಮನೆಗಳ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ನೀವು ಜ್ಞಾನಭಾರತಿಯ ಲೈಬ್ರರಿಯಿಂದ ಸಂಜೆ ಬಸ್ಸಿಳಿದು ಬರುವುದು ನಮ್ಮ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು. ಹಿರಿಯರು ಮಾತುಕತೆ ಮುಗಿಸಿ ಯುಗಾದಿ ಕಳೆದ ಮೇಲೆ ನಿಶ್ಚಿತಾರ್ಥ ಎಂದಿದ್ದರು. ಆ ಚಳಿಗಾಲದುದ್ದಕ್ಕೂ ನಾನು ಕಿಟಕಿಯ ಬಳಿಯ ಕೆಲಸಗಳನ್ನೇ ಹುಡುಕಿಕೊಂಡು ಮಾಡಿದೆ.

ನಿಮ್ಮ ತಾಯಿಗೆ ಆಗಲೇ ಹೃದಯದ ಮಾತ್ರೆ, ನೀರು ಇಳಿಸುವ ಮಾತ್ರೆ ಎರಡೂ ಶುರುವಾಗಿದ್ದವು. ಉಪ್ಪಿನಕಾಯಿ, ಹಪ್ಪಳ ನೀವೇ ಮೇಲಿನ ಅಟ್ಟಕ್ಕೆ ಏರಿಸಿದ್ದಿರಿ. ಮಾತ್ರೆ ನುಂಗುವವರೆಗೆ ಎದುರಿಗೇ ನಿಲ್ಲುತ್ತಿದ್ದಿರಿ. ಅವರಿಗೆ ಮಾರ್ಗಶಿರದಲ್ಲಿ ಹಿಡಿದ ಕೆಮ್ಮು ಬಿಡಲಿಲ್ಲ. ಒಂದು ಸಂಜೆ ಗೋಡೆಯಾಚೆಯಿಂದ ಕರೆದರು. "ತುಂಗಾ, ಒಂದು ಲೋಟ ಜೇಷ್ಠಮಧು ಕಷಾಯ ಮಾಡ್ಕೊಡೇ. ನಮ್ಮಮ್ಮ ಮಾಡ್ತಿದ್ಲು. ಶ್ಯಾಮೂಗೆ ಮಾತ್ರ ಹೇಳ್ಬೇಡ, ಡಾಕ್ಟ್ರು ಬರೆದಿಲ್ಲ ಅಂತ ಕೂಗಾಡ್ತಾನೆ."

ಗ್ರಂದಿಗೆ ಅಂಗಡಿಯಿಂದ ಬೇರು ತಂದು, ಜಜ್ಜಿ, ಕುದಿಸಿ ಕೊಟ್ಟೆ. ಕೆಮ್ಮು ಕಡಿಮೆಯಾಯಿತು. ಆದರೂ ಅವರು ಬಿಡಲಿಲ್ಲ, ಆ ಸಿಹಿ ಅವರಿಗೆ ಹಿಡಿಸಿತ್ತು. ನನಗೂ ನಿಲ್ಲಿಸಲು ಮನಸ್ಸಿರಲಿಲ್ಲ. ಎರಡು ತಿಂಗಳು ಪ್ರತಿ ಸಂಜೆ ಲೋಟ ಗೋಡೆ ದಾಟಿತು. ಮುಂದೆ ಅತ್ತೆಯಾಗುವವರು ನನ್ನ ಕೈಯಿಂದ ಏನನ್ನೋ ಕೇಳಿ ಕುಡಿಯುತ್ತಿದ್ದಾರೆ ಎಂಬ ಸಂತೋಷ, ನಾವಿಬ್ಬರೂ ಸೇರಿ ನಿಮ್ಮಿಂದ ಏನನ್ನೋ ಮುಚ್ಚಿಟ್ಟಿದ್ದೇವೆ ಎಂಬ ಸಲಿಗೆ. ಅದಕ್ಕಿಂತ ಹೆಚ್ಚು ನಾನೇನೂ ಯೋಚಿಸಿರಲಿಲ್ಲ.

ಫೆಬ್ರುವರಿಯಲ್ಲಿ ಅವರಿಗೆ ಊಟ ಸೇರದಾಯಿತು. ಕಾಲಲ್ಲಿ ಬಲವಿಲ್ಲ ಅಂದರು. ಗೋಡೆಗಳೆಲ್ಲ ಅರಿಸಿನ ಬಳಿದ ಹಾಗೆ ಕಾಣುತ್ತವೆ ಅಂದರು. ಒಂದು ಬೆಳಿಗ್ಗೆ ಬಚ್ಚಲಮನೆಯ ಬಾಗಿಲಲ್ಲಿ ಕುಸಿದರು. ಆಸ್ಪತ್ರೆಯಲ್ಲಿ ಆ ಚಿಕ್ಕ ವಯಸ್ಸಿನ ಡಾಕ್ಟರು ನಾಡಿ ಹಿಡಿದು, "ಮಾತ್ರೆ ಸರಿಯಾಗೇ ತಗೊಂಡಿದಾರೆ, ಆದ್ರೂ ಆ ಮಾತ್ರೇನೇ ಮೈಗೆ ವಿಷವಾಗಿದೆ. ಬೇರೆ ಏನಾದ್ರೂ ತಿಂತಿದ್ರಾ?" ಎಂದರು. ನೀವು "ಏನೂ ಇಲ್ಲ ಸಾರ್, ಎಲ್ಲಾ ನಾನೇ ನೋಡ್ಕೋತೀನಿ" ಎಂದಿರಿ. ನಿಮ್ಮ ತಾಯಿ ಕಣ್ಣು ಮುಚ್ಚಿ ಮಲಗಿದ್ದರು.

ನಾನು ನಿಮ್ಮ ಬೆನ್ನ ಹಿಂದೆ ನಿಂತಿದ್ದೆ. ನಿಮ್ಮ ಅಂಗಿಯ ಕಾಲರ್ ಬೆವರಿನಿಂದ ಒದ್ದೆಯಾಗಿತ್ತು. ಬಾಯಿ ಬಿಟ್ಟರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಿಟ್ಟೆ. "ದಿನಾ ಸಂಜೆ ಜೇಷ್ಠಮಧು ಕಷಾಯ ಕೊಡ್ತಿದ್ದೆ ಸಾರ್."

ಡಾಕ್ಟರು ನನ್ನನ್ನು ಬೈಯಲಿಲ್ಲ. ಆ ಬೇರು ಮೈಯಲ್ಲಿರುವ ಪೊಟ್ಯಾಷಿಯಂ ಎಂಬ ಲವಣವನ್ನು ಇಳಿಸುತ್ತದೆ, ನೀರಿನ ಮಾತ್ರೆಯೂ ಅದನ್ನೇ ಇಳಿಸುತ್ತದೆ, ಅದು ಇಳಿದಾಗ ಹೃದಯದ ಮಾತ್ರೆ ಅಳತೆಯಲ್ಲಿದ್ದರೂ ಅತಿಯಾಗುತ್ತದೆ ಎಂದು ವಿವರಿಸಿದರು. "ಕೇಳಿದ್ರೆ ಯಾರೂ ಹೇಳಲ್ಲ. ಕಷಾಯ ಊಟಾನೂ ಅಲ್ಲ, ಔಷಧಾನೂ ಅಲ್ಲ ಅಂದ್ಕೊಂಡಿರ್ತಾರೆ. ನೀವು ಹೇಳಿದ್ದು ಒಳ್ಳೇದಾಯ್ತಮ್ಮ." ಆ ಮಾತು ಮುಗಿಯುವ ಮೊದಲೇ ನೀವು ನನ್ನ ಕಡೆ ತಿರುಗಿದಿರಿ. "ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ ನಿಮಗೆ?" ಅದೇ ನೀವು ನನ್ನೊಡನೆ ಆಡಿದ ಕೊನೆಯ ಮಾತು. ಹತ್ತು ದಿನದಲ್ಲಿ ನಿಮ್ಮ ತಾಯಿ ಮನೆಗೆ ಬಂದರು. ನಿಮ್ಮ ದೊಡ್ಡಮ್ಮ ಜಲಜಮ್ಮ ನಮ್ಮ ಮನೆಗೆ ಬಂದು, "ಹೊಸಿಲು ತುಳಿಯೋಕ್ ಮುಂಚೇನೇ ಹೀಗಾದ್ರೆ, ತುಳಿದ ಮೇಲೆ ಗತಿ ಏನು?" ಎಂದು ನನ್ನ ತಂದೆಗೆ ಹೇಳಿ ಹೋದರು. ಯುಗಾದಿ ಬರುವ ಹೊತ್ತಿಗೆ ನೀವು ವಿಜಯನಗರಕ್ಕೆ ಮನೆ ಬದಲಾಯಿಸಿದ್ದಿರಿ.

ಇನ್ನು ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಗುರುವಾರ ಮಧ್ಯಾಹ್ನ ನಿಮ್ಮ ತಾಯಿ ರಾಯರ ಮಠಕ್ಕೆಂದು ಹೊರಡುತ್ತಿದ್ದರಲ್ಲ, ಅವರು ಬರುತ್ತಿದ್ದದ್ದು ನಮ್ಮ ಶಾಲೆಗೆ. ಅದೇ ವರ್ಷದ ದೀಪಾವಳಿ ಕಳೆದ ಮೇಲೆ ಮೊದಲ ಸಲ ಬಂದರು. ಊಟದ ಬಿಡುವಿನಲ್ಲಿ ಹೊರಗೆ ಬಂದರೆ ಹೊಂಗೆಮರದ ಕೆಳಗೆ ಕೊಡೆ ಮಡಿಸಿಕೊಂಡು ಕೂತಿದ್ದರು. ನನ್ನನ್ನು ಕಂಡು, "ಮಾತ್ರೆ ಜೊತೆ ನುಗ್ಗೆಸೊಪ್ಪು ತಿನ್ಬಹುದೇನೇ?" ಎಂದರು. ನನಗೆ ಗೊತ್ತಿರಲಿಲ್ಲ. ಮರುದಿನ ಅದೇ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಕೇಳಿದೆ.

ಆಮೇಲೆ ಅದೇ ರೂಢಿಯಾಯಿತು. ಒಂದು ಗುರುವಾರ ಎಳನೀರು, ಇನ್ನೊಂದು ಗುರುವಾರ ಮೆಂತ್ಯ, ಬೆಳ್ಳುಳ್ಳಿ. ನಾನು ಡಾಕ್ಟರನ್ನು ಕೇಳಿ ಬರೆದುಕೊಂಡು ಬರುತ್ತಿದ್ದೆ. ಬಾಳೆಹಣ್ಣು ತಿನ್ನಬಹುದೆಂದಾಗ ಅವರು ಚಿಕ್ಕ ಹುಡುಗಿಯ ಹಾಗೆ ನಕ್ಕರು. ಉಪ್ಪಿನಕಾಯಿಗೆ ಮಾತ್ರ ಡಾಕ್ಟರು ಒಪ್ಪಲೇ ಇಲ್ಲ. ನಡುನಡುವೆ ನಿಮ್ಮ ವಿಷಯ ಬರುತ್ತಿತ್ತು. ನಿಮಗೆ ಕನ್ನಡಕ ಬಂದದ್ದು, ಬಂದ ಸಂಬಂಧಗಳಿಗೆಲ್ಲ "ನೋಡೋಣ" ಎಂದು ಎದ್ದು ಹೋಗುವುದು. ನಾನಾಗಿ ಕೇಳುತ್ತಿರಲಿಲ್ಲ. ಆದರೆ ಬುಧವಾರದಿಂದಲೇ ಕಾಯುತ್ತಿದ್ದೆ.

ಕಳೆದ ತಿಂಗಳು ಕೊನೆಯ ಸಲ ಬಂದಾಗ ನನ್ನ ಕೈ ಹಿಡಿದುಕೊಂಡರು. "ಕಷಾಯ ಕೇಳಿ ಮಾಡಿಸಿಕೊಂಡಿದ್ದು ನಾನೇ ಅಂತ ಅವನಿಗೆ ಇನ್ನೂ ಹೇಳಿಲ್ಲ ಕಣೇ. ಆಸ್ಪತ್ರೇಲಿ ನನಗೆ ಎಚ್ಚರ ಇತ್ತು. ಸುಮ್ನಿದ್ದೆ. ಆಮೇಲೆ ದಿನ ಕಳೆದ ಹಾಗೆ ನಾಲಿಗೆ ಏಳ್ಲಿಲ್ಲ. ನಾನು ಹೋದ ಮೇಲೆ ನೀನೇ ಬರೆದು ತಿಳಿಸು, ತಾಯಿ." ಇಷ್ಟು ಹೇಳಿ ಅತ್ತರು. ನನಗೂ ಅಳು ಬಂತು. ಗಂಟೆ ಹೊಡೆದಿದ್ದರಿಂದ ಒಳಗೆ ಹೋಗಬೇಕಾಯಿತು.

ಅವರ ಮಾತನ್ನು ನಡೆಸಿದ್ದೇನೆ. ಅವರ ಮೇಲೆ ನೀವು ಸಿಟ್ಟಾಗಬಾರದು. ಮಗ ಎಲ್ಲಿ ಬೇಸರಪಡುತ್ತಾನೋ ಎಂಬ ಅಂಜಿಕೆ, ಅಷ್ಟೇ. ಅದೇ ಅಂಜಿಕೆ ನನಗೂ ಇತ್ತು, ಇಲ್ಲದಿದ್ದರೆ ಮೊದಲ ದಿನವೇ ನಿಮ್ಮನ್ನು ಕೇಳಿಬಿಡುತ್ತಿದ್ದೆ.

ಇದು ಅವರು ಹೇಳಿಸಿದ್ದಲ್ಲ, ನನ್ನದೇ ಮಾತು. ನನಗೂ ಸಂಬಂಧಗಳು ಬಂದವು, ಒಪ್ಪದಿದ್ದವಳು ನಾನು. ಕಾರಣ ಅಪ್ಪನಿಗೂ ಹೇಳಲಿಲ್ಲ. ಈಗ ನನಗೆ ಮೂವತ್ತೊಂದು. ಇಂದಿಗೂ ಸಂಜೆ ಬಸ್ಸು ನಿಂತ ಸದ್ದಾದರೆ ಹಿಡಿದ ಕೆಲಸ ಕೈಯಲ್ಲೇ ನಿಲ್ಲುತ್ತದೆ. ನೀವು ಇಳಿಯುವುದು ಇಲ್ಲಲ್ಲವೆಂದು ತಿಳಿದೂ ನಿಲ್ಲುತ್ತದೆ. ಒಮ್ಮೆ ಬರುತ್ತೀರಾ?

ದುಃಖದಲ್ಲಿ ಹೊತ್ತುಹೊತ್ತಿನ ಊಟ ಬಿಡಬೇಡಿ. ರಾಯರು ನಿಮ್ಮನ್ನು ಕಾಯಲಿ, ನಿಮ್ಮ ತಾಯಿಗೆ ತಂಪಾದ ನೆಲೆ ಕೊಡಲಿ.

ನಿಮ್ಮ ದಾರಿ ನೋಡುವ,
ತುಂಗಾ