ನಾಲ್ಕು ಸಾಲಿನ ಕೃತಜ್ಞತೆ

ಓಹಾಯೊ, ಅಕ್ಟೋಬರ್

ಮಾನ್ಯ ಹಾಲ್ವರ್ಸನ್ ಅವರಿಗೆ,

ದಾನ ಕೊಟ್ಟ ಹಳೆಯ ವಿದ್ಯಾರ್ಥಿಗಳಿಗೆ ಕಾಲೇಜಿನ ಆಟಗಾರರೆಲ್ಲ ಪ್ರತಿ ವರ್ಷ ಕೈಯಾರೆ ಧನ್ಯವಾದ ಬರೆಯಬೇಕು. ಪಿಜ್ಜಾ ತರಿಸಿ, ಸಾಲಾಗಿ ಕೂರಿಸಿ ಬರೆಸುತ್ತಾರೆ. ಈ ಸಲ ನನ್ನ ಪಾಲಿಗೆ ಬಂದದ್ದು ನಿಮ್ಮ ಹೆಸರು. ನಿಮ್ಮ ಹಣದಲ್ಲಿ ಫುಟ್‌ಬಾಲ್ ಹುಡುಗರಿಗೆ ವಿಶ್ರಾಂತಿ ಭವನ ಏಳುತ್ತಿದೆ. ಅದಕ್ಕೆ ಜಾಗ ಬೇಕೆಂದು ನಮ್ಮ ಈಜುಕೊಳಕ್ಕೆ ಮಣ್ಣು ತುಂಬಿಸಿದರು, ಈಜು ತಂಡವನ್ನೂ ಮುಚ್ಚಿದರು.

"ನಮ್ಮ ತಂಡವೇ ಇಲ್ವಲ್ಲ ಸರ್, ನಾನ್ಯಾಕೆ ಬರೀಲಿ?" ಎಂದು ದಾನಿಗಳ ಕಚೇರಿಯವರನ್ನು ಕೇಳಿದೆ.

"ಪಿಜ್ಜಾ ತಿಂದ್ಯಲ್ಲ, ನಾಲ್ಕು ಸಾಲು ಬರೆಯೋಕೆ ಏನಮ್ಮ ಕಷ್ಟ? ಕೊನೇಲೊಂದು ನಗುಮುಖ ಹಾಕು," ಎಂದರು.

ನಗುಮುಖ ನನ್ನಿಂದಾಗದು. ಆ ಭವನದಲ್ಲಿ ತೊಗಲಿನ ಆರಾಮಕುರ್ಚಿಗಳಂತೆ, ಗೋಡೆಯುದ್ದಕ್ಕೂ ಮೀನು ಸಾಕುವ ಗಾಜಿನ ತೊಟ್ಟಿಯಂತೆ. ನಮ್ಮನ್ನು ನೀರಿನಿಂದ ಎಬ್ಬಿಸಿದ ಜಾಗದಲ್ಲಿ ಮೀನು ಈಜಬೇಕೇ?

ಒಂದು ಕೆಲಸ ಬಾಕಿಯಿದೆ. ಕೊಳದ ಗೋಡೆಯಲ್ಲಿದ್ದ, ಈಜಿನಲ್ಲಿ ದಾಖಲೆ ಮಾಡಿದವರ ಹೆಸರಿನ ಹಲಗೆಯನ್ನು ಕಿತ್ತು ಕಸದ ತೊಟ್ಟಿಯ ಪಕ್ಕ ಎಸೆದಿದ್ದರು. ಅದನ್ನು ಹೊತ್ತು ತಂದು ಹಾಸ್ಟೆಲ್ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ಎಲ್ಲಿಗೆ ಕಳಿಸಲಿ, ದಯವಿಟ್ಟು ವಿಳಾಸ ತಿಳಿಸಿ. ಏಕೆಂದರೆ ಬಟರ್‌ಫ್ಲೈ ಈಜಿನ ಎದುರು ಇಂದಿಗೂ ಇರುವುದು ನಿಮ್ಮದೇ ಹೆಸರು, 1974.

"ಈ ಮುದುಕನ್ನ ಯಾರಾದ್ರೂ ಕೆಳಗಿಳಿಸ್ರೋ!" ಎಂದು ನಮ್ಮ ಕೋಚ್ ಆ ಹೆಸರು ತೋರಿಸಿ ಹುಡುಗರನ್ನು ದಿನವೂ ಕೆಣಕುತ್ತಿದ್ದರು. ಯಾರಿಂದಲೂ ಆಗಲಿಲ್ಲ.

ಕೊನೆಗೆ ನಿಮ್ಮ ದುಡ್ಡೇ ಇಳಿಸಿತು.

ಇತಿ,
ಮರೀನ್ ಡೂಲಿ
ಇಲ್ಲದ ತಂಡದ ನಾಯಕಿ