ತೀರದಾಸೆ

ದೋಣಿಯ ಅಡುಗೆ ಮೇಜಿನಿಂದ,
ಮಂಗಳವಾರ, ಬೆಳಗಿನ ಎರಡನೇ ಟೀ ಹೊತ್ತು

ನನ್ನ ಟೀಚರಮ್ಮನಿಗೆ,

ಲಕೋಟೆ ದಪ್ಪಗಿದೆ ಎಂದು ಹೆದರಿ ಎಸೆಯಬೇಡ. ಒಮ್ಮೆ ಏಡಿ ಇಟ್ಟಿದ್ದೆ, ನಿಜ. ಈ ಸಲ ಒಳಗಿರುವುದು ಬಟ್ಟೆಯ ಪುಟ್ಟ ಪೊಟ್ಟಣ. ಜೀವ ಇಲ್ಲ, ಕಚ್ಚುವುದಿಲ್ಲ. ಆದರೆ ಪತ್ರ ಪೂರ್ತಿ ಓದಿದ ಮೇಲೆಯೇ ಬಿಚ್ಚಬೇಕು. ಬೆಲ್ ಹೊಡೆಯುವವರೆಗೆ ಯಾರೂ ಪ್ರಶ್ನೆಪತ್ರಿಕೆ ತಿರುಗಿಸುವಂತಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆಯಲ್ಲ, ಹಾಗೆ.

ಬರೆಯುವುದಕ್ಕೆ ಕಾರಣ ಎರಡು. ಇದ್ದ ಒಂದೇ ಒಂದು ಚಿಕ್ಕ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ನೀನು ಹೋಗಿಬಿಟ್ಟೆ, ಈಜಿಕೊಂಡು ಹಿಂದೆ ಬರುವ ವಯಸ್ಸು ನನ್ನದಲ್ಲ. ಎರಡನೆಯದು, ಬಾಯಿ ಬಿಟ್ಟರೆ ನನಗೆ ತಮಾಷೆ ಬರುತ್ತದೆ. ಕೈಗೆ ಸ್ವಲ್ಪ ಮರ್ಯಾದೆ ಇದೆ. ಕುಡಿಯುವ ನೀರಿನವನು ಹತ್ತು ಗಂಟೆಗೆ ಬರುತ್ತಾನೆ. ಸುತ್ತ ನೀರೇ ಇರುವವರಿಗೆ ನೀರು ಮಾರಿ ಬದುಕುವ ಜಾಣ. ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ಆ ಕೋಣೆ ನನಗೆ ಹೇಗೆ ಸಿಕ್ಕಿತು ಎನ್ನುವುದು ನಿನಗಿನ್ನೂ ಗೊತ್ತಿಲ್ಲ. ಶನಿವಾರ ನೀನು ಮಾರ್ಕೆಟ್ಟಿಗೆ ಹೋದಾಗ ನಾನು ಹರಿದ ಹಾಯಿ ಹೊತ್ತುಕೊಂಡು ಹೊಲಿಗೆಯವಳ ಅಂಗಡಿಗೆ ಹೋದೆ. ಅವಳು ಹಾಯಿಯನ್ನು ನೆಲದ ಮೇಲೆ ಹರಡಿ, ಮಂಡಿಯೂರಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕೇಳಿದಳು.

“ಅಣ್ಣಾ, ಮೇಲಿನ ರೂಮಿನ ನಲ್ಲಿ ಸೋರೋದು ನಿಂತಿತಾ? ಅಕ್ಕ ಹೇಳ್ತಾನೇ ಇದ್ರು, ನಿನ್ನೆ ವಾಷರ್ ಹಾಕಿಸ್ದೆ.”

“ಯಾವ ರೂಮಮ್ಮ?”

“ನಿಮ್ದೇ ಕಣಣ್ಣಾ! ಮೂರು ತಿಂಗಳಾಯ್ತಲ್ಲ ಹಿಡಿದು. ಓ, ಶುರುವಾಯ್ತಾ ನಿಮ್ಮ ತಮಾಷೆ?”

ಅವಳು ನಕ್ಕಳು. ನಾನೂ ನಕ್ಕೆ. ಯಾರು ಯಾರ ಕಾಲೆಳೆಯುತ್ತಿದ್ದಾರೆ ಎಂದು ಗೊತ್ತಿಲ್ಲದೆ ನಕ್ಕದ್ದು ಜೀವಮಾನದಲ್ಲಿ ಅದೇ ಮೊದಲು. ಬೀಗದ ಕೈ ಇಸಿದುಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿದೆ.

ಮಂಚ. ಅಲ್ಲಾಡದ ಕುರ್ಚಿ. ಗೋಡೆಗೆ ನಿನ್ನ ಹಳೇ ಭೂಪಟ. ಕಿಟಕಿಯಲ್ಲಿ ಮೆಣಸಿನ ಗಿಡ, ಒಂದು ಕಾಯಿ ಬೇರೆ ಬಿಟ್ಟಿದೆ. ದೋಣಿಯ ಉಪ್ಪುಗಾಳಿಗೆ ಏಳು ಸಲ ಸತ್ತ ಗಿಡ ಅದು, ಎಂಟನೆಯ ಸಲ ನೀನು ನೆಟ್ಟದ್ದು ಇಲ್ಲಿ ಅಂತ ಆಯಿತು. ಆಮೇಲೆ ಮೇಜಿನ ಮೇಲೊಂದು ಲೋಟ, ಅಂಚಿನವರೆಗೂ ನೀರು. ಒಂದು ಹನಿ ಚೆಲ್ಲಿರಲಿಲ್ಲ. ಆರು ವರ್ಷದಿಂದ ಅಲ್ಲಾಡುವ ದೋಣಿಯಲ್ಲಿ ನಾವು ಅರ್ಧ ಲೋಟದವರು, ಅಲ್ಲವೇ? ನೀನು ಅದನ್ನು ಕುಡಿಯುವುದಕ್ಕೆ ತುಂಬಿಸಿಟ್ಟದ್ದಲ್ಲ ಎಂದು ನೋಡಿದ ತಕ್ಷಣ ತಿಳಿಯಿತು.

ನನ್ನ ಕೈ ಸುಮ್ಮನಿರುತ್ತದೆಯೇ, ಡ್ರಾಯರ್ ಎಳೆದೆ. ನಿನ್ನ ನೀಲಿ ಕರವಸ್ತ್ರ. ಅದರೊಳಗೆ ಬಿಸ್ಕತ್ತಿನಷ್ಟಗಲದ, ಆರು ರೆಕ್ಕೆಯ ಕಪ್ಪು ರಬ್ಬರ್ ಚಕ್ರಗಳು. ಮೂರು.

ಎಂಜಿನ್ನಿನ ನೀರಿನ ಪಂಪಿನೊಳಗೆ ಈ ಚಕ್ರ ತಿರುಗದಿದ್ದರೆ ಎಂಜಿನ್ ಕಾಲು ಗಂಟೆಯಲ್ಲಿ ಕುದಿಯುತ್ತದೆ. ಎಂಜಿನ್ ಇಲ್ಲದೆ ಹವಳದ ದಿಬ್ಬಗಳ ನಡುವಿನ ಆ ಕಿಷ್ಕಿಂಧೆಯಂಥ ಬಾಯಿಯಿಂದ ನಮ್ಮ ದೋಣಿ ಹೊರಬೀಳಲಾರದು. ಇದನ್ನು ನಿನಗೆ ಕಲಿಸಿದವನು ನಾನೇ. ಎಷ್ಟು ಹೆಮ್ಮೆಯಿಂದ ಕಲಿಸಿದ್ದೆ!

ಮೊದಲನೆಯದು ನಾನು ತೊಳೆಯಲೆಂದು ಬಿಚ್ಚಿ ಮೇಜಿನ ಮೇಲಿಟ್ಟದ್ದು, ಎರಡನೆಯದು ಪೆಟ್ಟಿಗೆಯಲ್ಲಿದ್ದ ಹೆಚ್ಚುವರಿ. ಮೂರನೆಯದು ಐದು ವಾರ ಕಾದು ಅಂಚೆಯಲ್ಲಿ ತರಿಸಿ, ಕೈಗೆ ಬಂದ ಸಂಜೆಯೇ ಮಾಯವಾದದ್ದು. ಪ್ರತಿ ಸಲವೂ ನೀನು ಕನ್ನಡಕದ ಮೇಲಿಂದ ನೋಡಿ ಹೇಳಿದ್ದು ಒಂದೇ ಮಾತು: “ನೀವೇ ಎಲ್ಲೋ ಇಟ್ಟಿರ್ತೀರಿ ಬಿಡ್ರೀ. ಮರೆತಿದ್ದೀರಿ.”

ನೋಡು, ಕೋಣೆ ಹಿಡಿದದ್ದಕ್ಕೆ ಬಂದ ಕೋಪ ಮೆಟ್ಟಿಲು ಇಳಿಯುವಷ್ಟರಲ್ಲಿ ಅರ್ಧ ಇಳಿದಿತ್ತು. ದೋಣಿಯನ್ನು ಕಟ್ಟಿಹಾಕಿದ್ದಕ್ಕೂ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಕುಚೇಷ್ಟೆ ಎಂದರೆ ಕುಚೇಷ್ಟೆ, ಭೇಷ್ ಎನ್ನುತ್ತಿದ್ದೆನೋ ಏನೋ. ಆದರೆ ನೀನು ನನ್ನ ತಲೆಗೇ ಕೈ ಹಾಕಿದೆ.

ಮೂರು ತಿಂಗಳಿಂದ ಹೇಗೆ ಬದುಕಿದ್ದೇನೆ ಎಂದು ನಿನಗೆ ಗೊತ್ತು. ಡಬ್ಬಗಳ ಮೇಲೆಲ್ಲ ಉಪ್ಪು, ಸಕ್ಕರೆ, ಟೀಪುಡಿ ಎಂದು ಬರೆದೆ. ಊರ ಅಂಗಡಿಗಳಿಗೆಲ್ಲ ಬೋರ್ಡು ಬರೆದವನು ಕೊನೆಗೆ ತನಗೇ ಬರೆದುಕೊಂಡೆ. ಬೆಳಗ್ಗೆ ಎದ್ದು ಮೊದಲು ಗೆಳೆಯರ ಹೆಸರೆಲ್ಲ ಒಂದು ಸಲ ಹೇಳಿಕೊಳ್ಳುತ್ತಿದ್ದೆ, ಯಾರಾದರೂ ಕಾಣೆಯಾಗಿದ್ದಾರೆಯೇ ಎಂದು. ನಿನ್ನ ಹೆಸರನ್ನು ಎರಡು ಸಲ.

ಬಂದರಿನ ಡಾಕ್ಟರ ಕೋಣೆ ನೆನಪಿದೆಯೇ? ನನಗಂತೂ ಇದೆ. ನೆನಪು ಚೆನ್ನಾಗಿಯೇ ಇದೆ ಎಂದು ಈಗ ತಿಳಿಯಿತಲ್ಲ! ಗಡಿಯಾರದ ಚಿತ್ರ ಬರೆಯಿರಿ ಅಂದರು, ಅಂಕಿಗಳಿಗೆಲ್ಲ ನೆರಳು ಬಿಡಿಸಿ ಅಂದವಾಗಿ ಬರೆದುಕೊಟ್ಟೆ. “ನೂರರಿಂದ ಏಳೇಳು ಕಳೀತಾ ಹೋಗಿ” ಅಂದರು. “ಕಳೀತಾ ಹೋಗ್ತಿರೋದೇ ನನ್ನ ತೊಂದರೆ ಡಾಕ್ಟ್ರೇ, ಇನ್ನೂ ಕಳೀ ಅಂತೀರಲ್ಲ” ಅಂದೆ. ಅವರು ನಗಲಿಲ್ಲ. ಎಪ್ಪತ್ತೆರಡಕ್ಕೆ ಬಂದು ನಿಂತುಬಿಟ್ಟೆ. ಹೆದರಿಕೆಯಿಂದ ನಿಂತೆ, ಲೆಕ್ಕ ಬಾರದೆ ಅಲ್ಲ. ಆಗ ನೀನು ಪಕ್ಕದಿಂದ ನನ್ನ ಕೈ ಹಿಡಿದುಕೊಂಡೆ. “ಸ್ವಲ್ಪ ದಿನ ನೆಲದ ಮೇಲಿರಲಿ” ಎಂದು ಡಾಕ್ಟರು ಹೇಳಿದಾಗ ನೀನು ತಲೆಯಾಡಿಸಿದೆ.

ಕೈ ಹಿಡಿದೆಯಲ್ಲ, ಅದೇ. ಚಕ್ರ ಬಚ್ಚಿಟ್ಟ ಕೈಯೇ ಅದು. ಅಷ್ಟು ಬೆಚ್ಚಗಿತ್ತು. ನಾನು ಮರೆತದ್ದಲ್ಲ ಕಣೇ, ನೀನು ಮರೆಮಾಡಿದ್ದು. ಒಂದೇ ಬೇರಿನಂತೆ ಕಾಣುವ ಎರಡು ಮಾತು, ನಡುವೆ ಮೂರು ತಿಂಗಳ ನನ್ನ ಹೆದರಿಕೆ.

ಶನಿವಾರ ಸಂಜೆ ನಾನು ಕೂಗಾಡಲಿಲ್ಲ, ನನಗೆ ತಿಳಿದ ಒಂದೇ ರೀತಿಯಲ್ಲಿ ಕೇಳಿದೆ. ನಿನ್ನ ಟೀ ಸಾಸರಿನಲ್ಲಿ ಬಿಸ್ಕತ್ತಿನ ಬದಲು ಚಕ್ರ ಇಟ್ಟುಕೊಟ್ಟೆ. ನೀನು ಬೆಚ್ಚಿಬೀಳುತ್ತೀ, ಅಳುತ್ತೀ, ಕಡೆಗೆ ನಗುತ್ತೀ ಎಂದುಕೊಂಡಿದ್ದೆ. ನೀನು ಟೀ ಪೂರ್ತಿ ಕುಡಿದು ಲೋಟ ಕೆಳಗಿಟ್ಟೆ.

“ಸಿಕ್ತಾ?” ಅಂದೆ. ಅಷ್ಟೇ.

“ಯಾಕೆ ಹೀಗೆ ಮಾಡ್ದೆ?”

“ಇಳೀಬೇಕು ಅಂತ ನಾನು ಎಷ್ಟು ಸಲ ಹೇಳಿದ್ದೀನ್ರೀ? ಪ್ರತಿ ಸಲ ನನ್ನನ್ನ ನಗಿಸಿಬಿಟ್ರಿ. ನಕ್ಕೋಳು ಒಪ್ಪಿದ್ಲು ಅಂದ್ಕೊಂಡ್ರಿ.”

“ಅದಕ್ಕೆ ನನ್ನನ್ನ ಹುಚ್ಚ ಮಾಡೋದಾ?”

ನೀನು ಎದ್ದೆ. ಕನ್ನಡಕದ ಪೆಟ್ಟಿಗೆ, ಒಂದು ಚೀಲ, ಇಷ್ಟೇ ತೆಗೆದುಕೊಂಡು ಚಿಕ್ಕ ದೋಣಿಗೆ ಇಳಿದೆ. ಹುಟ್ಟು ಎಳೆಯುವಾಗ ನಮ್ಮ ದೋಣಿಯ ಹಿಂಭಾಗದ ಹಲಗೆಯನ್ನು ಗದ್ದದಿಂದ ತೋರಿಸಿ ಒಂದು ಮಾತಂದೆ: “ನಿಮ್ಮ ಕೈಯಾರೆ ಬರೆದಿರೋದು. ಒಂದು ಸಲ ಓದ್ಕೊಳ್ಳಿ.”

ಅದರಲ್ಲೇನಿದೆ ಓದುವುದಕ್ಕೆ? ದೋಣಿಯ ಹೆಸರು ‘ತೀರದಾಸೆ’. ತೀರದೇ ಇರುವ ಆಸೆ. ಎಷ್ಟು ನೀರು ನೋಡಿದರೂ ಮುಗಿಯದ ಆಸೆ. ಅದು ನಿನಗೂ ಇದೆ ಎಂದು ನಂಬಿಕೊಂಡಿದ್ದೆ. ಯಾರೂ ಇಲ್ಲದ ಆ ಮರಳು ದ್ವೀಪದಲ್ಲಿ ನಾನು ಹಲಗೆ ನೆಟ್ಟು ‘ನಾಯಿ ಇದೆ, ಎಚ್ಚರಿಕೆ’ ಎಂದು ಬರೆದಾಗ ನೀನು ಹೊಟ್ಟೆ ಹಿಡಿದುಕೊಂಡು ಮರಳಲ್ಲೇ ಕುಳಿತುಬಿಟ್ಟೆಯಲ್ಲ. ಆಮೆಮರಿಗಳು ನಿನ್ನ ಕಾಲಿನ ಮೇಲೇ ಹರಿದು ನೀರಿಗಿಳಿದವು. ಅಲ್ಲಾಡಬೇಡಿ ಎಂದು ನನ್ನನ್ನು ಅರ್ಧ ಗಂಟೆ ಒಂಟಿಕಾಲಲ್ಲಿ ನಿಲ್ಲಿಸಿದೆ. ಆ ನಗುವೂ ನನ್ನನ್ನು ಸಮಾಧಾನ ಮಾಡುವುದಕ್ಕೇ ನಕ್ಕದ್ದೇ? ಈಗ ಒಂದೊಂದೇ ದ್ವೀಪವನ್ನು ಹಿಂದಕ್ಕೆ ಹೋಗಿ ತಪಾಸಣೆ ಮಾಡುತ್ತಿದ್ದೇನೆ, ಯಾವುದರಲ್ಲಿ ನೀನು ನಿಜವಾಗಿ ಇದ್ದೆ ಎಂದು. ಮೋಸ ಹೋದವನಿಗೆ ಇಂಥ ಕೆಲಸ ಬಹಳ.

ನಮ್ಮ ಪರಿಚಯವಾದದ್ದೂ ಕುಚೇಷ್ಟೆಯಿಂದಲೇ. ಓದು ಬಾರದ ಕ್ಷೌರದವನಿಗೆ ‘ಇಲ್ಲಿ ಅಚ್ಚುಕಟ್ಟಾಗಿ ತಲೆ ತೆಗೆಯಲಾಗುವುದು’ ಎಂದು ಬೋರ್ಡು ಬರೆದುಕೊಟ್ಟಿದ್ದೆ. ಎರಡು ತಿಂಗಳು ಬೀದಿಯೆಲ್ಲ ನಕ್ಕಿತು, ಅವನೊಬ್ಬನನ್ನು ಬಿಟ್ಟು. ಹೊಸದಾಗಿ ಬಂದ ಭೂಗೋಳದ ಟೀಚರು ನನ್ನನ್ನು ಏಣಿಯಿಂದ ಕೆಳಗಿಳಿಸಿ, “ಓದಕ್ಕೆ ಬರದೋರ ತಲೆ ಮೇಲೆ ಬರೆದು ನಗೋದು ಯಾವ ಸೀಮೆ ದೊಡ್ಡತನ ಸ್ವಾಮೀ?” ಎಂದು ಕೇಳಿದಳು. ಬೋರ್ಡನ್ನು ಅವತ್ತೇ ತಿದ್ದಿದೆ. ನನ್ನನ್ನು ತಿದ್ದಿಕೊಳ್ಳಲಿಲ್ಲ, ಅದು ಬೇರೆ ಮಾತು. ಅಂಥ ನೀನು ಹೀಗೆ ಮಾಡಿದೆ ಎನ್ನುವುದೇ ನುಂಗಲಾಗುತ್ತಿಲ್ಲ. ಮೋಸ ನನ್ನ ಇಲಾಖೆ. ನಿನ್ನದು ತಿದ್ದುವುದು.

ದಡ ಎನ್ನುವ ಮಾತಿಗೆ ಒಂದು ಒತ್ತು ಕೊಟ್ಟರೆ ದಡ್ಡ ಆಗುತ್ತದೆ. ಆ ಒತ್ತು ನೀನು ಕೊಟ್ಟೆ. ದ್ವೀಪದ ಒತ್ತು ತೆಗೆದರೆ ದೀಪ. ಮೂರು ದಿನದಿಂದ ಸಂಜೆಯಾದರೆ ಹೊಲಿಗೆಯವಳ ಅಂಗಡಿಯ ಮೇಲೆ ಒಂದು ಕಿಟಕಿ ಹಳದಿಯಾಗುತ್ತದೆ. ನಾನು ಆ ಕಡೆಗೆ ಬೆನ್ನು ಮಾಡಿ ಕೂರುತ್ತೇನೆ. ದೋಣಿ ಗಾಳಿಗೆ ತಿರುಗಿ ಮತ್ತೆ ಎದುರಿಗೇ ತಂದು ನಿಲ್ಲಿಸುತ್ತದೆ. ದೋಣಿಯೂ ನಿನ್ನ ಪಾರ್ಟಿ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಚಕ್ರ ಹಾಕಿ ಎಂಜಿನ್ ಓಡಿಸಿದೆ. ಮೊದಲ ಎಳೆತಕ್ಕೇ ಎದ್ದಿತು, ಬಿಸಿಯಾಗಲಿಲ್ಲ. ಆ ಸದ್ದು ನಿನಗೂ ಕೇಳಿಸಿರಬೇಕು, ಕಿಟಕಿಯ ಪರದೆ ಅಲ್ಲಾಡಿತು. ಶುಕ್ರವಾರ ಉಬ್ಬರದ ಹೊತ್ತಿಗೆ ನಾನು ಹೊರಡುತ್ತೇನೆ. ನಕ್ಷೆ ಓದುವುದು ನಿನ್ನ ಕೆಲಸವಾಗಿತ್ತು, ನಾನು ಓದಬಲ್ಲವನು ಬೋರ್ಡುಗಳನ್ನು ಮಾತ್ರ, ಸಮುದ್ರದಲ್ಲಿ ಯಾರೂ ಬೋರ್ಡು ನೆಟ್ಟಿಲ್ಲ. ಪರವಾಗಿಲ್ಲ. ಎಡಕ್ಕೆ ಹೋಗಿ ಕೇಳುತ್ತೇನೆ. ನೀನು ಬರುವುದಾದರೆ ಬಾ, ಆದರೆ ಮೊದಲು ಒಂದು ಮಾತು ಹೇಳಬೇಕು: ಡಾಕ್ಟರ ಕೋಣೆಯಲ್ಲಿ ಕೈ ಹಿಡಿದದ್ದು ಯಾಕೆ? ನಾನು ಹೆದರಿದ್ದೇನೆಂದೋ, ಅಥವಾ ನೀನೇ ಹೆದರಿದ್ದೆಯೆಂದೋ? ಅದೊಂದಕ್ಕೆ ಉತ್ತರ ಬೇಕು. ನಗಿಸುವುದಿಲ್ಲ. ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.

ಮೆಣಸಿನ ಕಾಯಿ ಹಣ್ಣಾಗುವ ಮೊದಲೇ ಕೀಳಬೇಡ.

ಯಾರಿಗೆ ಸೇರಿದವನೋ ಸದ್ಯಕ್ಕೆ ತಿಳಿಯದ,
ನಿನ್ನ ಬೋರ್ಡಪ್ಪ

ತಾ.ಕ.: ಸಹಿ ಹಾಕಿದ ಮೇಲೆ ಸುಳ್ಳು ಹೇಳುವುದು ಕಷ್ಟ. ಓದಿಕೊಳ್ಳಿ ಅಂದೆಯಲ್ಲ, ಓದಿದೆ. ಆರು ವರ್ಷದ ಹಿಂದೆ ನಾನು ಹಲಗೆಯ ಮೇಲೆ ಕುಳಿತು ಆ ನಾಲ್ಕು ಅಕ್ಷರ ಬರೆದು ಮುಗಿಸಿದಾಗ, ಕೆಳಗೆ ಬಣ್ಣದ ಡಬ್ಬ ಹಿಡಿದು ನಿಂತಿದ್ದ ನೀನು ಗಟ್ಟಿಯಾಗಿ ಓದಿದೆ. “ತೀರದ ಆಸೆ! ಎಲ್ಲಾದ್ರೂ ಒಂದು ಒಳ್ಳೇ ತೀರ ಸಿಕ್ರೆ ಇಳಿದುಬಿಡೋಣ ಅಂತ ತಾನೇ? ಎಷ್ಟು ಚೆನ್ನಾಗಿ ಬರೆದ್ರಿ” ಅಂದೆ. ನಿನ್ನ ಕಣ್ಣು ತುಂಬಿತ್ತು. ನಾನು ಬರೆದದ್ದು ಅದಲ್ಲ ಎಂದು ಒಂದು ಮಾತು ಹೇಳಬಹುದಿತ್ತು. “ಹೂಂ” ಅಂದೆ. ಎಂಥ ಜೋಡಿ ಅರ್ಥ ಸಿಕ್ಕಿತು ಎಂದು ಒಳಗೊಳಗೇ ನಕ್ಕೆ. ಕ್ಷೌರದವನಿಗೆ ಎರಡು ತಿಂಗಳು, ನಿನಗೆ ಆರು ವರ್ಷ. ಅವನಿಗಾದರೆ ಓದು ಬರುತ್ತಿರಲಿಲ್ಲ.

ಈಗ ಪೊಟ್ಟಣ ಬಿಚ್ಚು. ಮೂರೂ ಇವೆ, ಪಂಪಿಗೆ ಹಾಕಿದ್ದನ್ನೂ ಬಿಚ್ಚಿ ಸೇರಿಸಿದ್ದೇನೆ. ನಾನೇ ಇಟ್ಟದ್ದು. ಮರೆತಲ್ಲ.