ನೆಲದ ಮೇಲಿನ ಹಳದಿ ಪಟ್ಟಿ

ಮಗನಿಗೆ,

ಎರಡು ಕಾರ್ಡು ಹಾಕಿದರೂ ಉತ್ತರವಿಲ್ಲ, ನಿನ್ನ ಕೈಗೇನು ಗೆದ್ದಲು ಹತ್ತಿದೆಯಾ? "ಇನ್ನೂ ಮುಗಿದಿಲ್ವಾ?" ಎಂದು ಫೋನಿನಲ್ಲಿ ನಿನ್ನ ಮಗಳನ್ನು ಹುರಿದು ಮುಕ್ಕುವುದಕ್ಕೆ ಮಾತ್ರ ನಿನಗೆ ಪುರುಸೊತ್ತು. ಮುಗಿಯಿತು, ಕೇಳು.

ಕಾಲೇಜಿನ ಕೊನೆಯ ಕೆಲಸವೆಂದು ಇಲ್ಲಿನ ಕಣ್ಣಾಸ್ಪತ್ರೆಯ ಒಳಗೆ ದಾರಿ ತೋರಿಸುವ ಬೋರ್ಡು ಮಾಡಿದ್ದಳು. ಆಸ್ಪತ್ರೆಯವರು ಒಪ್ಪಿ ಸಹಿ ಹಾಕದಿದ್ದರೆ ಎರಡು ವರ್ಷದ ಓದು ನೀರಿನಲ್ಲಿ ಹೋಮ. ದೊಡ್ಡ ನರ್ಸು ಬೋರ್ಡಿನ ಪರೀಕ್ಷೆಗೆಂದು ನನ್ನನ್ನೇ ಒಂಟಿಯಾಗಿ ನಡೆಸಿದಳು. ಈ ಬಾಗಿದ ಬೆನ್ನಿಗೆ ಗೋಡೆಯ ಮೇಲಿನ ಬಾಣ ಎಲ್ಲಿ ಕಾಣಬೇಕು? ನೆಲದ ಮೇಲಿದ್ದ ತಳ್ಳುಗಾಡಿ ಚಕ್ರದ ಗುರುತು ಹಿಡಿದು ಹೋದೆ, ಬಟ್ಟೆ ಒಗೆಯುವ ಕೋಣೆ ಸೇರಿದೆ. "ಅಜ್ಜಿ, ಇಲ್ಲಿ ಚಿಕಿತ್ಸೆ ಬರೀ ಹಾಸಿಗೆ ಬಟ್ಟೆಗೆ" ಎಂದು ಒಗೆಯುವವನು ನಕ್ಕ. ನಿನ್ನ ಮಗಳ ಮುಖ ಹುಳ್ಳಗಾಯಿತು. "ಅಳಬೇಡ್ವೇ, ಮುದುಕರು ನೋಡೋದು ಕಾಲ್ಬುಡಾನ. ಅಲ್ಲೇ ದಾರಿ ತೋರ್ಸು" ಅಂದೆ.

ಬಾಗಿಲಿನಿಂದ ಡಾಕ್ಟರ ಕೋಣೆಯವರೆಗೆ ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದಳು. ನಿನ್ನೆ ನಾನೂ ಸೇರಿ ಹನ್ನೊಂದು ಮಂದಿ ಮುದುಕರು ಯಾರನ್ನೂ ಕೇಳದೆ ನೆಟ್ಟಗೆ ಹೋಗಿ ಕೂತೆವು. ನರ್ಸು ಸಹಿ ಹಾಕಿದಳು, ಇವತ್ತು ಕಾಲೇಜಿನವರು ಪಾಸು ಮಾಡಿದರು. ಎದೆಯ ಮೇಲಿನ ಕಲ್ಲು ಇಳಿಯಿತಪ್ಪಾ. ಹುಡುಗಿ ಹದಿನೈದು ದಿನದ ಮೇಲೆ ಹೊಟ್ಟೆತುಂಬ ಉಂಡಳು.

ನನ್ನ ಮಂಡಿನೋವು ಈಗ ವಾಸಿ. ಪಟ್ಟಿ ಹಿಡಿದು ಹೋದ ತಪ್ಪಿಗೆ ಡಾಕ್ಟರು ನನ್ನ ಕಣ್ಣನ್ನೂ ನೋಡಿಬಿಟ್ಟರು. ಮುಂದಿನ ತಿಂಗಳು ಎಡಗಣ್ಣಿನ ಪೊರೆ ತೆಗೆಯುತ್ತಾರಂತೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಆಪರೇಷನ್ನಿಗೆ ಮೊದಲೇ ಮಗಳಿಗೆ ಶಹಭಾಸ್ ಎಂದು ಉತ್ತರ ಬರೆ. ಅಕ್ಷರ ದಪ್ಪಗಿರಲಿ, ಓದಿ ಹೇಳುವವಳು ನಾನು.

ನಿನ್ನ ಅಮ್ಮ